ಹಾಸಿಗೆ ನೋಡಿ ಆರಿಸಿದ ಡಾಕ್ಟರು

ಹಾಸಿಗೆ ಇದ್ದಷ್ಟು ಕಾಲು ಚಾಚು ಎನ್ನುವುದು ಬೇರೆಯವರ ಮನೆಯಲ್ಲಿ ಗಾದೆ. ನಮ್ಮ ಮನೆಯಲ್ಲಿ ಅದು ಉದ್ಯೋಗ. ನಮ್ಮ ಮನೆಯವರು ಹಾಸಿಗೆ ಕಾರ್ಖಾನೆಯಲ್ಲಿ ಪರೀಕ್ಷಕರು. ಹೊಲಿಗೆ ಮುಗಿಸಿ ಬಂದ ಹಾಸಿಗೆಯ ಮುಂದೆ ಚಪ್ಪಲಿ ಬಿಟ್ಟು, ಅದರ ಮೇಲೆ ಅಂಗಾತ ಮಲಗುತ್ತಾರೆ. ಆಮೇಲೆ ಎಡಕ್ಕೆ, ಆಮೇಲೆ ಬಲಕ್ಕೆ, ಆಮೇಲೆ ಬೋರಲು. ಕೊನೆಗೆ ಅಂಚಿನಲ್ಲಿ ಕೂತು ಒಂದೆರಡು ಸಲ ಕುಪ್ಪಳಿಸಿ, ಹೈಕೋರ್ಟಿನ ಧಾಟಿಯಲ್ಲಿ ತೀರ್ಪು ಕೊಡುತ್ತಾರೆ: "ಪಾಸ್" ಅಥವಾ "ವಾಪಸ್".

ಮದುವೆ ಮಾತುಕತೆಯ ದಿನ ನಮ್ಮಣ್ಣ ಇದನ್ನು ಕೇಳಿ, "ಮಲಗಿದ್ದಕ್ಕೆ ಸಂಬಳ ಕೊಡ್ತಾರೆ ಅಂದ್ರೆ ನನಗೂ ಒಂದು ಅರ್ಜಿ ತಂದ್ಕೊಡಿ" ಅಂದುಬಿಟ್ಟ. ಇವರ ಮುಖ ಕೆಂಪಾಯಿತು. "ಮಲಗೋದು ಯಾರು ಬೇಕಾದ್ರೂ ಮಲಗ್ತಾರೆ. ನಿದ್ದೆ ಬರದ ಹಾಗೆ ಮಲಗೋದಿದೆಯಲ್ಲ, ಅದು ವಿದ್ಯೆ" ಅಂದರು. ಆ ಉತ್ತರಕ್ಕೇ ನಾನು ಒಪ್ಪಿಕೊಂಡದ್ದು. ಇಷ್ಟು ಗಂಭೀರವಾಗಿ ಮಲಗುವ ಮನುಷ್ಯ ಇನ್ನೊಬ್ಬ ಸಿಗುವುದಿಲ್ಲ ಅನ್ನಿಸಿತು.

ತೊಂದರೆ ಏನೆಂದರೆ, ಈ ವಿದ್ಯೆಯನ್ನು ಅವರು ಕಾರ್ಖಾನೆಯ ಗೇಟಿನಲ್ಲಿ ಬಿಟ್ಟು ಬರುವುದಿಲ್ಲ. "ಮನುಷ್ಯ ಸುಳ್ಳು ಹೇಳ್ತಾನೆ ಕಣೇ, ಹಾಸಿಗೆ ಹೇಳಲ್ಲ" ಎಂಬುದು ಅವರ ಸಿದ್ಧಾಂತ. ನೆಂಟರ ಮನೆಗೆ ಹೋದರೆ ಮೊದಲು ಹಾಸಿಗೆ ಒತ್ತಿ ನೋಡುತ್ತಾರೆ. ನಮ್ಮ ಚಿಕ್ಕಮ್ಮನ ಮನೆ ಹಾಸಿಗೆಗೆ "ವಾಪಸ್" ಅಂದದ್ದು ಚಿಕ್ಕಮ್ಮನ ಕಿವಿಗೇ ಬಿದ್ದು, ಈಗ ಅವರೂ ನಾವೂ ಎದುರಾದರೆ ಹವಾಮಾನದ ಬಗ್ಗೆ ಮಾತ್ರ ಮಾತಾಡುತ್ತೇವೆ.

ನನ್ನದು ನೀರು ಸರಬರಾಜು ಕಚೇರಿಯಲ್ಲಿ ದೂರಿನ ಕೌಂಟರು. ನಲ್ಲಿಯಲ್ಲಿ ನೀರು ಬರದವರೆಲ್ಲ ನನ್ನ ಮುಂದೆ ನಿಂತು ಕೂಗುತ್ತಾರೆ. ಅಲ್ಲಿ ಕಲಿತದ್ದು ಒಂದೇ: ಜನ ಮೊದಲು ಹೇಳುವುದು ನಿಜವಾದ ದೂರಲ್ಲ. ಪೆನ್ನು ಕೆಳಗಿಟ್ಟು ಮುಖ ನೋಡಿದರೆ, ಆಮೇಲೆ ಬರುವುದೇ ನಿಜವಾದದ್ದು. ಅದು ಬಂದ ಮೇಲೆ "ಮುಂದಿನವರು!" ಎಂದು ಕೂಗುತ್ತೇನೆ.

ಇಂತಿಪ್ಪ ನಾನು ಒಂದು ಬೆಳಗ್ಗೆ ಅಡುಗೆಮನೆಯಲ್ಲಿ ನಿಂತು ನಮ್ಮವರಿಗೆ ಸುದ್ದಿ ಹೇಳಿದೆ. ಹಾಲಿನ ಪಾತ್ರೆ ಹಿಡಿದಿದ್ದರು. ಪಾತ್ರೆ ಕೆಳಗಿಡುವುದನ್ನು ಮರೆತು ಅದನ್ನೇ ಹಿಡಿದುಕೊಂಡು ಮನೆಯೆಲ್ಲ ಸುತ್ತಿದರು.

"ಮೂರು ತಿಂಗಳು ತುಂಬೋವರೆಗೂ ಯಾರಿಗೂ ಹೇಳೋ ಹಾಗಿಲ್ಲ" ಅಂದೆ.

"ಅಮ್ಮಂಗೆ?"

"ಅಮ್ಮಂಗೇ ಮೊದಲು ಹೇಳೋ ಹಾಗಿಲ್ಲ. ಮಾತು ಕೊಡಿ."

ಕೊಟ್ಟರು. ಯಾಕೆಂದು ಕೇಳಲಿಲ್ಲ, ಅವರಿಗೆ ಗೊತ್ತಿತ್ತು. ಹೋದ ವರ್ಷ ನಾವು ಊರಿಗೆಲ್ಲ ಹೇಳಿದ್ದೆವು. ಆಮೇಲೆ ಮಗು ನಿಲ್ಲಲಿಲ್ಲ. ಖುಷಿಯನ್ನು ಹೇಳಿದ ಅಷ್ಟೂ ಮನೆಗಳಿಗೆ ಇನ್ನೊಂದು ಸುದ್ದಿಯನ್ನೂ ಹೇಳಬೇಕಾಯಿತು, ಪ್ರತಿ ಬಾಗಿಲಲ್ಲೂ ಮೊದಲಿನಿಂದ.

ಅದಕ್ಕಿಂತ ಹೆಚ್ಚಾಗಿ ನನ್ನನ್ನು ಕೊರೆಯುತ್ತಿದ್ದದ್ದು ಬೇರೆ. ಆಗ ನಾನು ಡಾಕ್ಟರ ಹತ್ತಿರ ಹೋಗಿ "ಏನೋ ಸರಿಯಿಲ್ಲ ಅನ್ನಿಸ್ತಿದೆ" ಅಂದಿದ್ದೆ. ಅವರು ಬರೆಯುತ್ತಲೇ "ಮೊದಲನೇದಲ್ವಾ, ಎಲ್ಲರಿಗೂ ಹಾಗೇ ಅನ್ಸುತ್ತೆ" ಅಂದರು. ತಲೆ ಎತ್ತಲಿಲ್ಲ. ಎತ್ತಿದ್ದರೂ ಆಗುವುದು ಆಗುತ್ತಿತ್ತು ಎಂದು ಆಮೇಲೆ ಎಲ್ಲರೂ ಹೇಳಿದರು. ಇರಬಹುದು. ಆದರೆ ನನ್ನ ಮಾತು ಆ ಮೇಜಿನ ಮೇಲೆ ಹಾಗೇ ಬಿದ್ದಿತ್ತು, ಯಾರೂ ಅದನ್ನು ಎತ್ತಿಕೊಳ್ಳಲಿಲ್ಲ. ಆ ಸಂಕಟ ಇನ್ನೂ ಹೋಗಿರಲಿಲ್ಲ.

"ಆ ಡಾಕ್ಟರ ಹತ್ರ ನಾನು ಹೋಗಲ್ಲ ರೀ. ಬೇರೆಯವರನ್ನ ನೋಡೋಣ. ನನಗೆ ಎಂಥವರು ಬೇಕು ಅಂದ್ರೆ..."

"ಅದನ್ನ ನನಗೆ ಬಿಡು!" ಅಂದರು ನಮ್ಮವರು, ಹಾಲಿನ ಪಾತ್ರೆ ಎತ್ತಿ ಹಿಡಿದು.

ನನ್ನ ವಾಕ್ಯದ ಉಳಿದರ್ಧ ಬಾಯಲ್ಲೇ ಉಳಿಯಿತು. ಮುಂದೆ ನಡೆದ ಅನಾಹುತಕ್ಕೆಲ್ಲ ಆ ಅರ್ಧ ವಾಕ್ಯವೇ ಕಾರಣ. ಇದರಲ್ಲಿ ಕೆಲವು ಭಾಗ ನನಗೆ ತಿಳಿದದ್ದು ಅವರ ಬಾಯಿಂದ, ಉಳಿದದ್ದು ಎದುರುಮನೆ ಹೆಡ್‌ಮೇಡಂ ಬಾಯಿಂದ. ಇಬ್ಬರೂ ಒಂದೇ ತರ ಹೇಳಿದ್ದನ್ನಷ್ಟೇ ಇಲ್ಲಿ ಹೇಳುತ್ತಿದ್ದೇನೆ.

ಗುಟ್ಟು ಇಟ್ಟುಕೊಳ್ಳುವುದಕ್ಕೂ ಒಂದು ಮುಖ ಬೇಕು. ನಮ್ಮವರಿಗೆ ಅದನ್ನು ದೇವರು ಕೊಟ್ಟಿಲ್ಲ. ಮರುದಿನದಿಂದ ಅವರು ಓಡಾಡಿದ ರೀತಿ ನೋಡಿದರೆ, ಹೆಗಲು ಮುಟ್ಟಿ ನೋಡಿಕೊಂಡ ಕುಂಬಳಕಾಯಿ ಕಳ್ಳನೇ ವಾಸಿ. ಯಾರಾದರೂ "ಏನ್ರೀ, ಚೆನ್ನಾಗಿದ್ದೀರಾ?" ಅಂದರೆ, "ಯಾರು ಹೇಳಿದ್ರು?" ಅನ್ನುತ್ತಿದ್ದರು.

ಈ ಸ್ಥಿತಿಯಲ್ಲಿ ಅವರು ನೇರವಾಗಿ ಹೋದದ್ದು ಹೆಡ್‌ಮೇಡಂ ಹತ್ತಿರ. ಆಕೆ ನಿವೃತ್ತ ಮುಖ್ಯೋಪಾಧ್ಯಾಯಿನಿ. ಈ ಊರಲ್ಲಿ ಕೆಲಸದಲ್ಲಿರುವ ಅರ್ಧ ಜನ ಆಕೆಯ ಕೈಯಲ್ಲಿ ಕಿವಿ ಹಿಂಡಿಸಿಕೊಂಡವರು. ಉಳಿದರ್ಧ ಶಾಲೆಗೆ ಚಕ್ಕರ್ ಹೊಡೆದವರು. ಹೀಗಾಗಿ ಊರಲ್ಲಿ ಎಲ್ಲಿ ಎಲೆ ಅಲ್ಲಾಡಿದರೂ ಆಕೆಗೆ ವರದಿ ಬರುತ್ತದೆ.

"ಮೇಡಂ, ಹೆರಿಗೆಗೆ ಒಳ್ಳೇ ಡಾಕ್ಟರು ಯಾರು?"

"ಯಾರಿಗಪ್ಪಾ?"

"ನನ್ನ ಫ್ರೆಂಡಿಗೆ."

"ಫ್ರೆಂಡಿಗೆ ಹೆರಿಗೆನಾ?"

"ಅಲ್ಲಲ್ಲ, ಫ್ರೆಂಡಿನ ಹೆಂಡತಿಗೆ."

"ಯಾವ ಫ್ರೆಂಡು?"

"ನಿಮಗೆ ಗೊತ್ತಿಲ್ಲ. ಅವನು ಯಾರಿಗೂ ಗೊತ್ತಿಲ್ಲ. ಅವನಿಗೆ ಫ್ರೆಂಡ್ಸೇ ಇಲ್ಲ."

"ನೀನಿದ್ದೀಯಲ್ಲಪ್ಪಾ?"

"ನಾನೂ ಅಷ್ಟಕ್ಕಷ್ಟೇ ಮೇಡಂ."

ಹೆಡ್‌ಮೇಡಂ ಕನ್ನಡಕ ತೆಗೆದು ಒರೆಸಿಕೊಂಡರು. ಮೂವತ್ತು ವರ್ಷ ಮಕ್ಕಳ ಸುಳ್ಳು ಹಿಡಿದ ಹೆಂಗಸು. ನಗರದ ಮೂರು ಆಸ್ಪತ್ರೆಗಳ ಹೆಸರು ಹೇಳಿ, ಬಾಗಿಲವರೆಗೆ ಬಂದು ಕಳಿಸಿಕೊಟ್ಟು, ಅಲ್ಲೇ ನಿಂತು ನೋಡಿದರಂತೆ.

ಮೊದಲನೆಯದು ದೊಡ್ಡ ಆಸ್ಪತ್ರೆ. ಮುಂದೆ ಕಾರಂಜಿ, ತಾನೇ ತೆರೆದುಕೊಳ್ಳುವ ಗಾಜಿನ ಬಾಗಿಲು. ನಮ್ಮವರು ಆ ಬಾಗಿಲಿಗೂ ಒಂದು ನಮಸ್ಕಾರ ಹೇಳಿ ಒಳಗೆ ಹೋದರು. ಕೌಂಟರಿನ ಹುಡುಗಿ ನಗುತ್ತಾ ಕೇಳಿದಳು:

"ಪೇಶೆಂಟ್ ಹೆಸರು ಸರ್?"

"ಹೇಳೋ ಹಾಗಿಲ್ಲ."

"ವಯಸ್ಸು?"

"ಅದನ್ನ ಹೇಳಿದ್ರೆ ನನ್ನ ಕೊಂದೇ ಹಾಕ್ತಾಳೆ."

"ನೀವು ಅವರಿಗೆ ಏನಾಗ್ಬೇಕು?"

"ಗಂಡ." ಆಮೇಲೆ ಕೌಂಟರಿನ ಮೇಲೆ ಬಗ್ಗಿ, ಪಿಸುದನಿಯಲ್ಲಿ, "ಆದ್ರೆ ಈ ವಿಷಯ ಮನೇಲಿ ಯಾರಿಗೂ ಗೊತ್ತಿಲ್ಲಮ್ಮ. ನಮ್ಮಮ್ಮಂಗಂತೂ ಗೊತ್ತಾಗ್ಲೇಬಾರದು. ನಮ್ಮ ಬೀದಿಯವರಿಗೂ."

ಹುಡುಗಿಯ ನಗು ಅರ್ಧದಲ್ಲೇ ನಿಂತಿತು. ಆಕೆ ಹೆಡ್‌ಮೇಡಂ ಅವರ ಶಿಷ್ಯೆ ಎಂದು ಬೇರೆ ಹೇಳಬೇಕಾಗಿಲ್ಲ.

"ಡಾಕ್ಟರನ್ನ ಯಾವಾಗ ನೋಡ್ತೀರಾ ಸರ್?"

"ಡಾಕ್ಟರು ಆಮೇಲೆ. ಮೊದಲು ಹಾಸಿಗೆ ತೋರಿಸಿ."

ತೋರಿಸಿದರು, ಪಾಪ. ಮೇಲಿನ ಮಹಡಿಯ ಕೋಣೆ, ಗೋಡೆಯಷ್ಟಗಲದ ಟಿವಿ. ನಮ್ಮವರು ಚಪ್ಪಲಿ ಬಿಟ್ಟು ಅಂಗಾತ ಮಲಗಿದರು, ಎಡಕ್ಕೆ ತಿರುಗಿದರು, ಬಲಕ್ಕೆ ತಿರುಗಿದರು. ಬೋರಲಾಗುವಷ್ಟರಲ್ಲಿ ಸೆಕ್ಯುರಿಟಿಯವನು ಬಂದ. "ಇದು ನೋಡೋಕೆ ಬಂದವರಿಗೆ ಅಂತ ಮಾಡಿದ ಹಾಸಿಗೆ, ಮಲಗೋರಿಗಲ್ಲ. ವಾಪಸ್!" ಎಂದು ತೀರ್ಪು ಕೊಟ್ಟು ಎದ್ದು ಬಂದರು. ಸೆಕ್ಯುರಿಟಿಯವನು ಅವರನ್ನೇ ವಾಪಸ್ ಮಾಡಿದ.

ಎರಡನೆಯದು ಬಹಳ ಹೆಸರಾದ ಡಾಕ್ಟರದ್ದು. ಬಾಗಿಲಿಂದ ಬೀದಿಯವರೆಗೆ ಸಾಲು. ಹೊಟ್ಟೆ ಹಿಡಿದು ನಿಂತ ಹೆಂಗಸರ ನಡುವೆ ನಮ್ಮವರೂ ಕೈಕಟ್ಟಿ ನಿಂತರು. ಸರದಿ ಬಂದಾಗ ಒಳಗೆ ಹೋಗಿ ಸ್ಟೂಲಿನ ಮೇಲೆ ಕೂತರು. ಡಾಕ್ಟರು ಬರೆಯುತ್ತಿದ್ದರು.

"ಎಷ್ಟು ತಿಂಗಳು?"

"ಎರಡು ದಾಟಿದೆ ಡಾಕ್ಟ್ರೇ."

"ವಾಂತಿ?"

"ಬೆಳಗ್ಗೆ ಹೊತ್ತು."

"ನಿದ್ದೆ?"

"ನಿದ್ದೆ ಇಲ್ಲ ಡಾಕ್ಟ್ರೇ, ವಾರ ಆಯ್ತು." ಈ ಒಂದು ಉತ್ತರ ಮಾತ್ರ ಅವರ ಸ್ವಂತದ್ದು.

ಡಾಕ್ಟರು ಚೀಟಿ ಹರಿದು ಕೊಟ್ಟರು. "ಈ ಮಾತ್ರೆ ತಗೊಳ್ಳಿ. ಭಾರ ಎತ್ಬೇಡಿ. ಎಡಗಡೆ ಮಗ್ಗುಲಾಗಿ ಮಲಗಿ. ಮುಂದಿನ ತಿಂಗಳು ಬನ್ನಿ. ನೆಕ್ಸ್ಟ್!"

ತಲೆ ಎತ್ತಲಿಲ್ಲ. ನಮ್ಮವರು ಥ್ಯಾಂಕ್ಸ್ ಹೇಳಿ ಹೊರಗೆ ಬಂದರು. ಔಷಧಿ ಕೊಡುವವನು ಚೀಟಿ ನೋಡಿ "ಇದು ಯಾರಿಗೆ ಸರ್?" ಅಂದ. "ನನಗೇ ಬರೆದಿದ್ದಾರೆ" ಅಂದರು. ಅವನೂ ಹೆಡ್‌ಮೇಡಂ ಶಿಷ್ಯನೇ. ಇನ್ನೂ ವಿಶೇಷವೆಂದರೆ, ಮರುದಿನ ಕಾರ್ಖಾನೆಯಲ್ಲಿ ಒಂದು ದಿಂಬನ್ನು ಕೂಡ ಎತ್ತಲಿಲ್ಲವಂತೆ. "ಡಾಕ್ಟರು ಬೇಡ ಅಂದಿದ್ದಾರೆ" ಅಂದರಂತೆ ಮೇಸ್ತ್ರಿಗೆ.

ಇದಾವುದೂ ನನಗೆ ಆಗ ಗೊತ್ತಿಲ್ಲ. "ಡಾಕ್ಟರ ವಿಷಯ ಏನಾಯ್ತು?" ಎಂದು ಕೇಳಿದರೆ, "ಪರೀಕ್ಷೆ ನಡೀತಿದೆ" ಎಂದು ಗಂಭೀರವಾಗಿ ಹೇಳುತ್ತಿದ್ದರು. ಮಗ್ಗುಲು ಮಾತ್ರ ಎಡಕ್ಕೇ ಆಗುತ್ತಿದ್ದರು. ಮನೆಯ ಹಾಸಿಗೆಯಲ್ಲೇ ಏನೋ ದೋಷ ಬಂದಿರಬೇಕು ಎಂದುಕೊಂಡೆ.

ಮೂರನೆಯದು ಬಸ್ಸಿನ ಕೊನೆಯ ಸ್ಟಾಪಿನ ಹತ್ತಿರ, ಸೈಕಲ್ ಅಂಗಡಿಯ ಹಿಂದೆ ಇದ್ದ ಸಣ್ಣ ನರ್ಸಿಂಗ್ ಹೋಮು. ಕೌಂಟರಿನಲ್ಲಿ ಯಾರೂ ಇರಲಿಲ್ಲ, ಟೀಗೆ ಹೋಗಿದ್ದರು. ಎರಡನೇ ಕೋಣೆಯ ಬಾಗಿಲು ತೆರೆದಿತ್ತು. ಕಿಟಕಿಗೆ ಪರದೆ, ಒಳಗೆ ತಂಪು, ಒಗೆದ ಬಟ್ಟೆಯ ವಾಸನೆ. ನಮ್ಮವರು ಚಪ್ಪಲಿ ಬಿಟ್ಟರು. ಅಂಗಾತ ಮಲಗಿದರು. ಎಡಕ್ಕೆ ತಿರುಗಿದರು.

ಬಲಕ್ಕೆ ತಿರುಗಲೇ ಇಲ್ಲ. ಕೆಲಸಕ್ಕೆ ಸೇರಿದಂದಿನಿಂದ ಒಂದು ದಿನವೂ ಹಾಸಿಗೆಯ ಮೇಲೆ ಕಣ್ಣು ಮುಚ್ಚದ ಆ ವಿದ್ಯಾವಂತರು, ಹೊದಿಕೆಯನ್ನು ತಲೆಯ ಮೇಲೆಳೆದುಕೊಂಡು ಗಾಢ ನಿದ್ದೆಗೆ ಜಾರಿದರು.

ನರ್ಸ್ ಬಂದಳು. ಯಾರೋ ಗರ್ಭಿಣಿ ಬಂದು ಮಲಗಿದ್ದಾಳೆ ಅಂದುಕೊಂಡು ಹೊದಿಕೆಯ ಒಳಗಿಂದ ತೋಳು ಎಳೆದು ಬಿ.ಪಿ. ಪಟ್ಟಿ ಸುತ್ತಿದಳು.

"ನೋವು ಬರ್ತಿದೆಯೇನಮ್ಮಾ?"

"ಊಂ..."

"ಯಾವಾಗಿಂದ?"

"ಊಂ..."

"ಬಿ.ಪಿ. ಜಾಸ್ತಿ ಇದೆಯಲ್ಲಮ್ಮಾ! ಎಲ್ಲಿ, ಸ್ವಲ್ಪ ಮುಖ ತೋರಿಸು."

ಮುಖ ತೋರಿತು. ಅದರಲ್ಲಿ ಮೀಸೆ ಇತ್ತು.

ಆ ನರ್ಸ್ ಕಿರುಚಿದ್ದು ಸೈಕಲ್ ಅಂಗಡಿಯವರೆಗೆ ಕೇಳಿಸಿತಂತೆ. ಪಕ್ಕದ ಕೋಣೆಯಿಂದ ಮೊದಲು ಓಡಿಬಂದವರು ಯಾರು? ಹಳೇ ಶಿಷ್ಯೆಯ ಮಗುವನ್ನು ನೋಡಲು ಬಂದಿದ್ದ ನಮ್ಮ ಹೆಡ್‌ಮೇಡಂ.

"ನೀನಾ!"

"ಮೇಡಂ!"

"ಇಲ್ಲೇನಪ್ಪಾ ಮಾಡ್ತಿದ್ದೀಯ?"

ನಿದ್ದೆಗಣ್ಣು. ಬಾಯಿಗೆ ಬಂದದ್ದು ನಿಜ. "ಹೆರಿಗೆಗೆ ಮೇಡಂ."

"ಯಾರ ಹೆರಿಗೆಗೆ?"

"ಹೇಳೋ ಹಾಗಿಲ್ಲ."

"ನಿನ್ನ ಹೆಂಡತಿಗೆ ಗೊತ್ತೇನೋ ಇದು?"

ಇಲ್ಲಿ ನಮ್ಮವರಿಗೆ ಪೂರ್ತಿ ಎಚ್ಚರವಾಯಿತು. ಗುಟ್ಟು ಈಗ ಬಿಟ್ಟರೆ ಹೋಯಿತು ಎಂದು ಹೊಳೆಯಿತು. ತಮ್ಮ ಬುದ್ಧಿಯನ್ನೆಲ್ಲ ಒಟ್ಟುಮಾಡಿ, ತೋಳಲ್ಲಿ ಬಿ.ಪಿ. ಪಟ್ಟಿ ನೇತಾಡಿಸಿಕೊಂಡು ಹೇಳಿದರು: "ಇಲ್ಲ ಮೇಡಂ. ನನ್ನ ಹೆಂಡತಿಗೂ ಇದಕ್ಕೂ ಏನೇನೂ ಸಂಬಂಧ ಇಲ್ಲ."

ಸಂಜೆ ನಾನು ಕಚೇರಿಯಿಂದ ಬಂದರೆ ಬಾಗಿಲು ತೆರೆದೇ ಇದೆ. ಸೋಫಾದ ಮೇಲೆ ನಮ್ಮತ್ತೆ, ಊರಿನ ಆ ತುದಿಯ ಭಾವನವರ ಮನೆಯಿಂದ ಬಂದವರು, ಮಡಿಲಲ್ಲಿ ಛತ್ರಿ. ಪಕ್ಕದಲ್ಲಿ ಹೆಡ್‌ಮೇಡಂ. ಪರೀಕ್ಷೆಯಲ್ಲಿ ಫೇಲಾದ ಹುಡುಗಿಯ ತಾಯಿಗೆ ಹೇಳಿಕಳಿಸಿದಾಗ ಕೂರುತ್ತಿದ್ದರಲ್ಲ, ಹಾಗೇ ಕೂತಿದ್ದರು.

"ಬಾ ಮಗಳೇ. ಮೊದಲು ನೀರು ಕುಡಿ" ಅಂದರು ಅತ್ತೆ.

"ಅತ್ತೆ, ಇವರಿಗೇನಾದ್ರೂ...?"

"ಅವನಿಗೇನಾಗುತ್ತೆ, ಗುಂಡುಕಲ್ಲಿನ ಹಾಗಿದ್ದಾನೆ! ನೀನು ಧೈರ್ಯವಾಗಿರು. ಹೆತ್ತವಳಾದ್ರೂ ನಾನು ನಿನ್ನ ಕಡೆ." ಅಷ್ಟು ಹೇಳಿ ಸೆರಗು ಬಾಯಿಗೆ ಒತ್ತಿಕೊಂಡರು.

ವರದಿ ಒಪ್ಪಿಸಿದವರು ಹೆಡ್‌ಮೇಡಂ. ಕೌಂಟರಿನ ಹುಡುಗಿ ಹೇಳಿದ್ದು, ಔಷಧಿಯವನು ಹೇಳಿದ್ದು, ತಾವೇ ಕಣ್ಣಾರೆ ಕಂಡದ್ದು, ಒಂದೂ ಬಿಡದೆ ಹೇಳಿ, "ಮೂರು ಆಸ್ಪತ್ರೆಯಮ್ಮ, ಮೂರು" ಎಂದು ಮುಗಿಸಿದರು.

"ಒಬ್ಬಳಿಗೆ ಅಂತ ಯಾರಾದ್ರೂ ಮೂರು ಆಸ್ಪತ್ರೆ ನೋಡ್ತಾರಾ?" ಅತ್ತೆ ಬೆರಳು ಮಡಿಸಿದರು. "ಮೂರು ಜನ ಇರ್ಬೇಕು! ಒಂದು ಮನೆಗೆ ಹಾಲು ತರೋದು ಮರೀತಾನಲ್ಲ ಇವನು, ಮೂರು ಸಂಸಾರ ಹೇಗೆ ತೂಗಿಸ್ತಾನೆ?" ಆ ದನಿಯಲ್ಲಿ ಸಿಟ್ಟಿನ ಜೊತೆ ಒಂದು ಚೂರು ಬೆರಗೂ ಇತ್ತು, ಸುಳ್ಳು ಯಾಕೆ ಹೇಳಲಿ.

ನನಗೆ ನಗು ತಡೆಯಲಾಗಲಿಲ್ಲ. ಗೋಡೆ ಹಿಡಿದುಕೊಂಡು ನಕ್ಕೆ. "ಅಯ್ಯೋ, ಆಘಾತ ಆಗಿದೆ, ಮುಖಕ್ಕೆ ನೀರು ಚಿಮುಕಿಸಿ ಮೇಡಂ!" ಎಂದು ಅತ್ತೆ ಕೂಗಿದರು. ಹೆಡ್‌ಮೇಡಂ ನೀರಿಗೆ ಓಡುವುದಕ್ಕೂ ನಮ್ಮವರು ಬಾಗಿಲಲ್ಲಿ ಚಪ್ಪಲಿ ಬಿಡುವುದಕ್ಕೂ ಸರಿಹೋಯಿತು.

"ಯಾರೋ ಅವಳು?" ಅತ್ತೆ ಛತ್ರಿ ಹಿಡಿದು ಎದ್ದರು.

ನಮ್ಮವರು ನನ್ನ ಮುಖ ನೋಡಿದರು. ತಾಯಿಯ ಮುಖ ನೋಡಿದರು. ಪರಿಸ್ಥಿತಿ ಎಷ್ಟು ಅರ್ಥವಾಯಿತೋ ಗೊತ್ತಿಲ್ಲ, ಕೊಟ್ಟ ಮಾತು ಮಾತ್ರ ನೆನಪಿತ್ತು. "ಹೇಳೋ ಹಾಗಿಲ್ಲಮ್ಮ."

ಛತ್ರಿ ಬೆನ್ನಿಗೆ ಬಿತ್ತು.

"ನನ್ನಾಣೆ ಮಾಡಿ ಹೇಳು. ಇದ್ದಾಳೋ ಇಲ್ವೋ?"

"ಇದ್ದಾಳೆ."

"ಅಯ್ಯೋ ನನ್ನ ಕರ್ಮವೇ! ಎಷ್ಟು ಜನ?"

"ಒಬ್ಬಳೇ ಅಮ್ಮ, ನಿನ್ನಾಣೆ."

ಅತ್ತೆ ಸ್ವಲ್ಪ ಸುಧಾರಿಸಿಕೊಂಡರು. ತಾಯಿಯ ಕರುಳು, ಕೇಳದೆ ಇರಲಾಗಲಿಲ್ಲ: "ಒಳ್ಳೆಯವಳೇನೋ?"

"ತುಂಬ ಒಳ್ಳೆಯವಳಮ್ಮ. ಸ್ವಲ್ಪ ಕೋಪ ಜಾಸ್ತಿ."

ಇನ್ನೊಂದು ಏಟು. ಬೆನ್ನು ಸವರಿಕೊಂಡು ನಿಂತರೇ ಹೊರತು ಬಾಯಿ ಬಿಡಲಿಲ್ಲ. ಆಗ ನನ್ನ ನಗು ನಿಂತಿತು. ಈ ಮನುಷ್ಯ ಹೆತ್ತ ತಾಯಿಯ ಮುಂದೆ, ಬೀದಿಯ ಮುಂದೆ ಕೆಟ್ಟವನಾದರೂ ಸರಿ, ನಾನು ಅಡುಗೆಮನೆಯಲ್ಲಿ ಕೇಳಿದ ಒಂದು ಮಾತನ್ನು ಬಿಡಲೊಲ್ಲ. ಅವರ ಮೇಲೆ ನನಗೆ ಅಷ್ಟು ಪ್ರೀತಿ ಬಂದದ್ದು ಮದುವೆಯ ದಿನವೂ ಇಲ್ಲ.

"ಅತ್ತೆ, ಛತ್ರಿ ಕೆಳಗಿಡಿ" ಅಂದೆ. "ಆ ಒಳ್ಳೆಯವಳು, ಕೋಪ ಜಾಸ್ತಿ ಇರೋವಳು, ನಾನೇ."

ಛತ್ರಿ ತಾನಾಗಿ ಬಿತ್ತು. ಹೆಡ್‌ಮೇಡಂ ನನಗೆಂದು ತಂದ ನೀರನ್ನು ತಾವೇ ಕುಡಿದರು. "ಮತ್ತೆ ಹೆಂಡತಿಗೂ ಇದಕ್ಕೂ ಸಂಬಂಧ ಇಲ್ಲ ಅಂದೆಯಲ್ಲೋ?"

"ಗುಟ್ಟು ಕಾಪಾಡಿದೆ ಮೇಡಂ."

"ಮನೆಗೆ ಬೆಂಕಿ ಇಟ್ಟು ದೀಪ ಕಾಪಾಡೋದು ಅಂದ್ರೆ ಇದೇ ಕಣಪ್ಪಾ!"

ಅತ್ತೆ ಮಾತ್ರ ನನ್ನನ್ನೇ ನೋಡುತ್ತಿದ್ದರು. "ನನಗೂ ಹೇಳ್ಬಾರದು ಅನ್ನಿಸ್ತೇನೇ?"

"ಹೋದ ಸಲ ನೀವು ಅತ್ತಿದ್ದು ನೋಡೋಕಾಗ್ಲಿಲ್ಲ ಅತ್ತೆ."

"ಹುಚ್ಚಿ. ಅಳೋದು ನನ್ನ ಪಾಲಿಂದು, ನಾನು ಅತ್ಕೊಳ್ತೀನಿ. ಅದನ್ನೂ ನೀನೇ ಹೊತ್ಕೊಂಡು ತಿರುಗ್ತಿದ್ಯಾ ಇಷ್ಟು ದಿನ?" ಎಂದು ನನ್ನನ್ನು ಎಳೆದು ಪಕ್ಕದಲ್ಲಿ ಕೂರಿಸಿಕೊಂಡರು. ನಾನು ಅವರ ಹೆಗಲ ಮೇಲೆ ತಲೆಯಿಟ್ಟು ಅತ್ತುಬಿಟ್ಟೆ. ಹೋದ ವರ್ಷದ್ದೂ ಸೇರಿಸಿ ಅತ್ತೆ.

ಕಣ್ಣೀರು ಒಣಗುವ ಮೊದಲೇ ಯುದ್ಧ ಶುರುವಾಯಿತು. ಅತ್ತೆಗೆ ತಮ್ಮ ಇಬ್ಬರು ಮಕ್ಕಳ ಹೆರಿಗೆ ಮಾಡಿಸಿದ ಡಾಕ್ಟರೇ ಆಗಬೇಕು. "ಅವರು ತೀರಿಕೊಂಡು ಹತ್ತು ವರ್ಷ ಆಯ್ತಮ್ಮ" ಎಂದು ಮಗ ನೆನಪಿಸಿದರೆ, "ಅವರ ಮಗ ಇದ್ದಾನಲ್ಲ!" "ಅವನು ಹಲ್ಲಿನ ಡಾಕ್ಟರು!" "ಆದ್ರೇನು, ಕೈಗುಣ ಅಪ್ಪಂದೇ!" ಹೆಡ್‌ಮೇಡಂಗೆ ದೊಡ್ಡಾಸ್ಪತ್ರೆಯ ತಮ್ಮ ಶಿಷ್ಯೆಯೇ ಸರಿ. "ಏಳರ ಮಗ್ಗಿ ಒಂದನ್ನು ಬಿಟ್ಟರೆ ಬಹಳ ಜಾಣೆ!" ಮೂವರೂ ಒಟ್ಟಿಗೆ ಕೂಗುತ್ತಿದ್ದರು. ಬಸುರಿ ಯಾರು ಎಂಬುದು ಮರೆತೇ ಹೋಗಿತ್ತು.

ನನಗೆ ಬರುವ ವಿದ್ಯೆ ಒಂದೇ. ಕೌಂಟರಿನ ದನಿಯಲ್ಲಿ ಕೂಗಿದೆ: "ಮುಂದಿನವರು!"

ಮೂವರೂ ಬಾಯಿ ಮುಚ್ಚಿದರು. ನಾನು ನಮ್ಮವರ ಕಡೆ ತಿರುಗಿದೆ. "ಮೂರನೇ ಆಸ್ಪತ್ರೆ ಕಥೆ ಏನು? ಹಾಸಿಗೆ ಪಾಸೋ, ವಾಪಸ್ಸೋ?"

"ವಾಪಸ್" ಅಂದರು ತಲೆ ತಗ್ಗಿಸಿ. "ನಡುವೆ ತಗ್ಗು ಬಿದ್ದಿದೆ. ಅಂಚು ಸವೆದಿದೆ. ಆದ್ರೆ..."

"ಆದ್ರೆ?"

"ಮೇಡಂ ಸಿಟ್ಟಲ್ಲಿ ಹೋದ ಮೇಲೆ ಡಾಕ್ಟರಮ್ಮ ಬಂದ್ರು. ಬೈತಾರೆ ಅಂದ್ಕೊಂಡೆ. ಬೈಲಿಲ್ಲ. ಸ್ಟೂಲ್ ಎಳ್ಕೊಂಡು ಕೂತು, 'ಬಿ.ಪಿ. ಇಷ್ಟಿದೆ, ಯಾಕೆ ಇಷ್ಟು ಹೆದರಿದ್ದೀರಿ?' ಅಂದ್ರು. ನಾನು ಹೆದರಿದ್ದೀನಿ ಅಂತ ಯಾರಿಗೂ ಹೇಳಿರ್ಲಿಲ್ಲ. ನಿನಗೂ ಹೇಳಿರ್ಲಿಲ್ಲ. ಹೋದ ಸಲದ್ದೆಲ್ಲ ಬಾಯಿಗೆ ಬಂದುಬಿಡ್ತು. ಡಾಕ್ಟರಿಗೆ ಹೇಳಿದ್ರೆ ಮಾತು ಮುರಿದ ಹಾಗಲ್ಲ ಅಂದ್ಕೊಂಡೆ. ಅವರು ಪೆನ್ನು ಕೆಳಗಿಟ್ಟು ಕೇಳಿದ್ರು."

"ಪೆನ್ನು ಕೆಳಗಿಟ್ರಾ?"

"ಹೂಂ. ಕ್ಯಾಪ್ ಹಾಕಿ ಇಟ್ರು. ಆಮೇಲೆ 'ನಿಮ್ಮ ಹೆಂಡತಿಗೆ ಎಂಥ ಡಾಕ್ಟರು ಬೇಕಂತೆ?' ಅಂದ್ರು." ಅವರು ನನ್ನ ಪಕ್ಕಕ್ಕೆ ಬಂದು ನಿಂತರು. "ನಾನು ನಿನ್ನ ಕೇಳೇ ಇಲ್ವಲ್ಲ ಕಣೇ. ಊರಿನ ಹಾಸಿಗೆಯೆಲ್ಲ ಕೇಳಿದೆ, ನಿನ್ನ ಕೇಳ್ಲಿಲ್ಲ. ಈಗ ಕೇಳ್ತಿದ್ದೀನಿ, ಹೇಳು."

ಮೂರು ಜೊತೆ ಕಣ್ಣು ನನ್ನ ಮೇಲೆ. ಬಾಯಲ್ಲೇ ಉಳಿದಿದ್ದ ಅರ್ಧ ವಾಕ್ಯ ಆಗ ಹೊರಗೆ ಬಂತು.

"ನಾನು ಏನೋ ಸರಿಯಿಲ್ಲ ಅಂದ್ರೆ, ತಲೆ ಎತ್ತಿ ನನ್ನ ಮುಖ ನೋಡೋರು ಬೇಕು. ಕಾರಂಜಿ ಬೇಡ, ಕೈಗುಣ ಬೇಡ. ಇಷ್ಟೇ."

ಯಾರೂ ತಕರಾರು ಎತ್ತಲಿಲ್ಲ. ಹೆಡ್‌ಮೇಡಂ ಕೂಡ ಎತ್ತಲಿಲ್ಲ.

ಮರುದಿನ ನಾಲ್ವರೂ ಬಸ್ಸಿನಲ್ಲಿ ಕೊನೆಯ ಸ್ಟಾಪಿಗೆ ಹೋದೆವು. ಬರಬೇಡಿ ಅಂದರೂ ಅತ್ತೆ ಬಂದರು, ಅತ್ತೆ ಬಂದಮೇಲೆ ಹೆಡ್‌ಮೇಡಂ ಬರದಿರುತ್ತಾರೆಯೇ? ನರ್ಸ್ ನಮ್ಮವರನ್ನು ಕಂಡು, "ಎರಡನೇ ರೂಮ್ ಖಾಲಿ ಇದೆ ಸರ್, ಮಲಗ್ತೀರಾ?" ಅಂದಳು. ಅವರು ನನ್ನ ಬೆನ್ನ ಹಿಂದೆ ಅಡಗಿಕೊಂಡರು.

ಡಾಕ್ಟರಮ್ಮನಿಗೆ ನಡುವಯಸ್ಸು ದಾಟಿತ್ತು. ಕೊರಳಲ್ಲಿ ದಾರ ಕಟ್ಟಿದ ಕನ್ನಡಕ, ಮೇಜಿನ ಮೇಲೆ ತಣ್ಣಗಾದ ಟೀ. ನಾನೂ ನನ್ನದೇ ಒಂದು ಪರೀಕ್ಷೆ ಇಟ್ಟುಕೊಂಡು ಬಂದಿದ್ದೆ. ಮೊದಲು ಸುಳ್ಳು ದೂರು ಹೇಳಿದೆ.

"ಸ್ವಲ್ಪ ವಾಂತಿ ಡಾಕ್ಟ್ರೇ. ಇನ್ನೇನಿಲ್ಲ."

ಅವರು ಬರೆದುಕೊಂಡರು. ಪೆನ್ನಿಗೆ ಕ್ಯಾಪ್ ಹಾಕಿದರು. ನನ್ನ ಮುಖ ನೋಡಿದರು. "ಇನ್ನೇನು?"

ನನ್ನ ಕೌಂಟರಿನಲ್ಲಿ ಎಷ್ಟು ಜನ ಆ ಪ್ರಶ್ನೆಗೆ ಒಡೆದುಹೋಗಿದ್ದಾರೋ ಲೆಕ್ಕವಿಲ್ಲ. ಆವತ್ತು ನನ್ನ ಸರದಿ. "ಹೋದ ಸಲ ಹೇಳಿದೆ, ಯಾರೂ ಕೇಳ್ಲಿಲ್ಲ. ಈ ಸಲ ಹೇಳೋಕೇ ಭಯ ಆಗುತ್ತೆ" ಅಂದೆ.

"ಎಲ್ಲ ನನ್ನ ಕೈಲಿದೆ ಅಂತ ನಾನು ಹೇಳಲ್ಲಮ್ಮ" ಅಂದರು ಅವರು. "ನೀವು ಫೋನ್ ಮಾಡಿದ್ರೆ ಎತ್ತುತ್ತೀನಿ. ನಾನಿಲ್ಲದಾಗ ಯಾರು ಎತ್ತುತ್ತಾರೆ ಅಂತ ಈಗಲೇ ಹೇಳಿರ್ತೀನಿ. ನನ್ನ ಕೈ ಮೀರಿದ್ದು ಅನ್ಸಿದ್ರೆ ತಡ ಮಾಡದೆ ದೊಡ್ಡ ಆಸ್ಪತ್ರೆಗೆ ಕಳಿಸ್ತೀನಿ. ಕಾರಣ ಇಲ್ಲದೆ ಸುಮ್ಮನೆ ಭಯ ಆಯ್ತು ಅಂದ್ರೂ ಬನ್ನಿ, ನೋಡ್ತೀನಿ. ಅದಕ್ಕೇ ಅಲ್ವಾ ನಾನಿಲ್ಲಿ ಕೂತಿರೋದು? ಈಗ ಸ್ಕ್ಯಾನ್ ಮಾಡೋಣ, ಏಳಿ."

ಸ್ಕ್ಯಾನಿನ ಮಂಚದ ಮೇಲೆ ತೆಳ್ಳನೆಯ ಹಾಸಿಗೆ. ನಾನು ಏಳುವಷ್ಟರಲ್ಲಿ ನಮ್ಮವರ ಒಂದು ಚಪ್ಪಲಿ ಕಳಚಿತ್ತು, ಅಭ್ಯಾಸಬಲ.

"ಸ್ವಲ್ಪ ಪಕ್ಕಕ್ಕೆ ಬನ್ನಿ ರೀ" ಅಂದೆ. "ಈ ಸಲ ಮಲಗೋದು ನಾನು."

ಮಲಗಿದೆ. ಹೊಟ್ಟೆಯ ಮೇಲೆ ತಣ್ಣನೆಯ ಜೆಲ್ಲಿ. ಪರದೆಯ ಮೇಲೆ ಬೂದು ಬಣ್ಣದ ಗೊಂದಲ. ಡಾಕ್ಟರಮ್ಮ ಕನ್ನಡಕ ಏರಿಸಿಕೊಂಡು ಪರದೆಗೆ ಬಗ್ಗಿದರು. ಆಮೇಲೆ ಅವರು ಒಂದು ಗುಂಡಿ ಒತ್ತಿದರು, ಕೋಣೆಯ ತುಂಬ ಸದ್ದು. ಟಕ ಟಕ ಟಕ ಟಕ, ಬಸ್ಸು ತಪ್ಪಿಹೋಗುತ್ತದೆಂದು ಓಡುವವರ ಹೆಜ್ಜೆಯ ಹಾಗೆ.

"ಇದು ಎದೆಬಡಿತ" ಅಂದರು. "ಇವತ್ತಿಗೆ ಎಷ್ಟಿರಬೇಕೋ ಅಷ್ಟಿದೆ. ಚೆನ್ನಾಗಿದೆ."

ನಮ್ಮವರು ಒಂದು ಕಾಲಲ್ಲಿ ಚಪ್ಪಲಿ ಹಾಕಿಕೊಂಡು ನಿಂತಿದ್ದರು. ಜಗತ್ತಿನ ಯಾವುದಕ್ಕೆ ಬೇಕಾದರೂ ತೀರ್ಪು ಕೊಡುವ ಮನುಷ್ಯ, ಆವತ್ತು ತೀರ್ಪನ್ನು ನನಗೆ ಬಿಟ್ಟರು. ಕಣ್ಣು ತುಂಬಿ ನನ್ನ ಕಡೆ ನೋಡಿದರು.

ನಾನೇ ಹೇಳಿದೆ. "ಪಾಸ್."

ಡಾಕ್ಟರಮ್ಮ ಅದು ಮಗುವಿಗೆ ಹೇಳಿದ್ದು ಅಂದುಕೊಂಡು ನಕ್ಕರು. ಅರ್ಧ ಡಾಕ್ಟರಮ್ಮನಿಗೇ ಹೇಳಿದ್ದು.

ಹೊರಗೆ ಬಂದರೆ ಅತ್ತೆಯೂ ಹೆಡ್‌ಮೇಡಂ ಅವರೂ ಬಾಗಿಲಿಗೆ ಕಿವಿ ಹಚ್ಚಿ ನಿಂತಿದ್ದವರು ಈಗಷ್ಟೇ ಸರಿದ ಹಾಗಿತ್ತು. "ಏನಂತೋ? ಏನಂದ್ರು?" ಎಂದು ಅತ್ತೆ ಮಗನ ಕೈ ಹಿಡಿದರು.

ನಮ್ಮವರು ರೂಢಿಯಂತೆ ಬಾಯಿ ತೆರೆದರು. "ಹೇಳೋ ಹಾಗಿ..." ಎಂದು ನಿಂತು, ನನ್ನ ಮುಖ ನೋಡಿದರು. ಮೂರು ತಿಂಗಳು ಇನ್ನೂ ತುಂಬಿರಲಿಲ್ಲ. ನನ್ನ ಭಯವೂ ಪೂರ್ತಿ ಹೋಗಿರಲಿಲ್ಲ, ಆದರೆ ಅದನ್ನು ಹೊರಲು ಈಗ ಜನ ಇದ್ದರು.

"ಹೇಳಿ" ಅಂದೆ.

ಹೇಳಿದರು. ಅಮ್ಮನಿಗೆ ಹೇಳಿದರು, ಮೇಡಂಗೆ ಹೇಳಿದರು, ಆಗಲೇ ಗೊತ್ತಿದ್ದ ನರ್ಸಿಗೂ ಹೇಳಿದರು. ಹಿಂದಿನ ದಿನ ಟೀಗೆ ಹೋಗಿದ್ದ ಕೌಂಟರಿನವನಿಗೆ, ಸೈಕಲ್ ಅಂಗಡಿಯವನಿಗೆ, ಬಸ್ಸಿನ ಕಂಡಕ್ಟರಿಗೆ, ನಮ್ಮ ಹಿಂದಿನ ಸೀಟಿನಲ್ಲಿ ಕೂತು ನಿದ್ದೆ ಮಾಡುತ್ತಿದ್ದ ಒಬ್ಬ ಅಪರಿಚಿತರನ್ನು ಎಬ್ಬಿಸಿ ಅವರಿಗೂ ಹೇಳಿದರು. ಅವರು ಕಣ್ಣುಜ್ಜಿಕೊಂಡು, "ಒಳ್ಳೇದಾಗಲಿ ತಾಯಿ, ಡಾಕ್ಟರು ಯಾರು?" ಎಂದು ನನ್ನನ್ನು ಕೇಳಿದರು. ಇಷ್ಟು ದಿನಕ್ಕೆ, ಯಾರೂ ಹೇಳಿಕೊಡದೆ, ಆ ಪ್ರಶ್ನೆಯನ್ನು ನೇರವಾಗಿ ನನ್ನನ್ನೇ ಕೇಳಿದವರು ಅವರೊಬ್ಬರು, ಬಸ್ಸು ನಮ್ಮ ಸ್ಟಾಪು ತಲುಪುವವರೆಗೂ ನಾನು ಉತ್ತರ ಹೇಳುತ್ತಲೇ ಇದ್ದೆ.